ಪದಕವಿಲ್ಲದ ಆತ್ಮಕಥೆ

ಕರ್ಣಪರ್ವದಲ್ಲಿ ಒಂದು ಸೂಕ್ಷ್ಮವಾದ ಪ್ರಸಂಗವುಂಟು. ಗಾಂಡೀವವನ್ನು ಮತ್ತೊಬ್ಬನಿಗೆ ಕೊಟ್ಟುಬಿಡೆಂದವನನ್ನು ಕೊಲ್ಲುವೆನೆಂದು ವ್ರತಹಿಡಿದಿದ್ದ ಅರ್ಜುನನು, ಧರ್ಮರಾಯನೇ ಆ ಮಾತನ್ನಾಡಿದಾಗ ಖಡ್ಗಕ್ಕೆ ಕೈಯಿಕ್ಕುತ್ತಾನೆ. ಹಿರಿಯನನ್ನು ಏಕವಚನದಿಂದ ಮೂದಲಿಸಿದರೆ ಅದೇ ವಧೆಗೆ ಸಮಾನವೆಂದು ಹೇಳಿ ಕೃಷ್ಣನು ಅಣ್ಣನನ್ನು ಉಳಿಸುವನು. ಬಳಿಕ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಹೊರಟ ಅರ್ಜುನನಿಗೆ, ನಿನ್ನ ಗುಣಗಳನ್ನು ನೀನೇ ಹೊಗಳಿಕೊ, ಆತ್ಮವಧೆಗೆ ಅಷ್ಟೇ ಸಾಕು ಎನ್ನುವನು. ಆತ್ಮಕಥೆಯನ್ನು ಬರೆಯಹೊರಡುವ ಯೋಧನು ಈ ಅಲಗಿನ ಮೇಲೆಯೇ ನಡೆಯಬೇಕಾಗಿದೆ. ತನ್ನ ಶೌರ್ಯವನ್ನು ಹೇಳಿದರೆ ದೋಷ. ಹೇಳದಿದ್ದರೆ ಕಥೆಯೇ ಇಲ್ಲ.

ಈ ಇಕ್ಕಟ್ಟಿನಿಂದ ವಿಲಕ್ಷಣವಾದ ರೀತಿಯಲ್ಲಿ ಪಾರಾದ ಗ್ರಂಥವೊಂದಿದೆ. ಅದು ಬ್ರಿಟಿಷ್ ಸೇನಾನಿ ಸರ್ ಏಡ್ರಿಯನ್ ಕಾರ್ಟನ್ ಡಿ ವಿಯಾರ್ಟ್ 1950ರಲ್ಲಿ ಪ್ರಕಟಿಸಿದ ‘ಹ್ಯಾಪಿ ಒಡಿಸಿ’, ಎಂದರೆ ಸುಖಯಾತ್ರೆ. ಮುನ್ನುಡಿ ಚರ್ಚಿಲ್ಲನದು. ಗ್ರಂಥಕರ್ತನಿಗೆ 1915ರಲ್ಲಿ ಡಿ. ಎಸ್. ಓ. ಪದಕವೂ, 1916ರಲ್ಲಿ ಬ್ರಿಟಿಷ್ ಸೈನ್ಯದ ಪರಮ ಗೌರವವಾದ ವಿಕ್ಟೋರಿಯಾ ಕ್ರಾಸೂ ದೊರೆತಿದ್ದುವು. ಆದರೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವನಿಗೂ ಆ ಕ್ರಾಸಿನ ಸುದ್ದಿ ಎಲ್ಲಿಯೂ ಸಿಕ್ಕದು! ಕೈಗೆ ಬಂದ ಕಂಚಿನ ಶಿಲುಬೆಯನ್ನು ಅವನು ತನ್ನ ಜೀವನಚರಿತ್ರೆಯ ಹೊರಗೇ ಇಟ್ಟುಬಿಟ್ಟನು.

ಬೇರೆ ಯಾವುದನ್ನೂ ಅವನು ಸುಲಭವಾಗಿ ಬಿಟ್ಟವನಲ್ಲ. 1880ರಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿದ ಈತನು ಆಕ್ಸ್‌ಫರ್ಡಿನ ಓದನ್ನು ನಡುವೆಯೇ ತೊರೆದು, ಸುಳ್ಳು ವಯಸ್ಸನ್ನು ಹೇಳಿ ಬೋಯರ್ ಯುದ್ಧಕ್ಕೆ ಸೇರಿ, ಅಲ್ಲಿಯೇ ಹೊಟ್ಟೆಗೆ ಗುಂಡು ತಿಂದನು. 1914ರಲ್ಲಿ ಸೋಮಾಲಿಲ್ಯಾಂಡಿನ ಶಿಂಬರ್ ಬೆರಿಸ್ ಕೋಟೆಯ ಮುಂದೆ ಒಂದು ಕಣ್ಣು ಹೋಯಿತು. ಯೂರೋಪಿನ ರಣರಂಗಕ್ಕೆ ಹೋಗಬೇಕಾದರೆ ಗಾಜಿನ ಕಣ್ಣನ್ನು ಹಾಕಿಕೊಳ್ಳತಕ್ಕದ್ದೆಂದು ವೈದ್ಯಮಂಡಲಿಯವರು ಕಟ್ಟುಮಾಡಿದರು. ಹಾಗೆಯೇ ಆಗಲೆಂದು ಒಪ್ಪಿ ಹೊರಬಂದವನು ಟ್ಯಾಕ್ಸಿಯಲ್ಲಿ ಕುಳಿತೊಡನೆ ಅದನ್ನು ಕಿಟಕಿಯಿಂದೆಸೆದು, ಕರಿಯ ಪಟ್ಟಿಯನ್ನು ಕಟ್ಟಿಕೊಂಡನು. 1915ರಲ್ಲಿ ಈಪರ್ಸಿನಲ್ಲಿ ಎಡಗೈ ಚೂರಾಯಿತು. ನೇತಾಡುತ್ತಿದ್ದ ಬೆರಳುಗಳನ್ನು ವೈದ್ಯನು ಕತ್ತರಿಸಲೊಪ್ಪದಿದ್ದಾಗ ತಾನೇ ಕಿತ್ತೆಸೆದನಂತೆ. ಸೋಮ್ ನದಿಯ ಕದನದಲ್ಲಿ ತಲೆಗೂ ಹರಡಿಗೂ, ಪಾಶೆಂಡೇಲಿನಲ್ಲಿ ಸೊಂಟಕ್ಕೆ, ಕಾಂಬ್ರೆಯಲ್ಲಿ ಕಾಲಿಗೆ, ಆರಾಸಿನಲ್ಲಿ ಕಿವಿಗೆ ಪೆಟ್ಟಾಯಿತು. ಲಂಡನ್ನಿನ ಶುಶ್ರೂಷಾಗೃಹವೊಂದರಲ್ಲಿ ಅವನ ರಾತ್ರಿಯುಡುಪನ್ನು ಮುಂದಿನ ಸಲಕ್ಕೆಂದು ಮೊದಲೇ ತೆಗೆದಿಟ್ಟಿರುತ್ತಿದ್ದರು.

ಇವೆಲ್ಲವೂ ಶತ್ರುವಿನ ಕೊಡುಗೆ. ದೈವದ ಕೊಡುಗೆ ಬೇರೆಯಾಗಿಯೇ ಇದೆ. 1941ರಲ್ಲಿ, ಅರುವತ್ತು ತುಂಬಿದ ವಯಸ್ಸಿನಲ್ಲಿ, ಅವನಿದ್ದ ವಿಮಾನವು ಲಿಬಿಯಾದ ತೀರದ ಬಳಿ ಸಮುದ್ರಕ್ಕೆ ಬಿತ್ತು; ಒಂಟಿ ಕೈಯವನು ಈಜಿ ದಡಸೇರಿ ಇಟಾಲಿಯನ್ನರ ಸೆರೆಯಾದನು. 1946ರಲ್ಲಿ ಚೀನಾದಿಂದ ಮರಳುವಾಗ ರಂಗೂನಿನಲ್ಲಿ ಮೆಟ್ಟಿಲಿಗೆ ಹಾಸಿದ್ದ ತೆಂಗಿನ ನಾರಿನ ಚಾಪೆಯ ಮೇಲೆ ಜಾರಿ ಬಿದ್ದು ಬೆನ್ನೆಲುಬನ್ನು ಮುರಿದುಕೊಂಡನು. ಎರಡು ಮಹಾಯುದ್ಧಗಳ ಫಿರಂಗಿಗಳಿಗೆ ಬಗ್ಗದ ಬೆನ್ನು ನಾರಿಗೆ ಬಗ್ಗಿತು.

ಇಂತಹ ಅನರ್ಥಪರಂಪರೆಯನ್ನು ಗ್ರಂಥಕರ್ತನು ಹೇಳುವ ಬಗೆ ಮಾತ್ರ ನಿಜವಾಗಿಯೂ ಆಸ್ವಾದ್ಯವಾಗಿದೆ. ವಾಕ್ಯಗಳು ಚಿಕ್ಕವು, ಗೋಳಿಲ್ಲ, ಗರ್ವವಿಲ್ಲ. ನೋವನ್ನು ನಗೆಯಿಂದ ಮುಚ್ಚುವನು. ವೀರಕ್ಕೆ ಸ್ಥಾಯಿಯಾದ ಉತ್ಸಾಹವು ಇಲ್ಲಿ ಕೃತಕವಲ್ಲ. ಯುದ್ಧವು ತನಗೆ ಸಂತೋಷವನ್ನೇ ಕೊಟ್ಟಿತೆಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆಯು ಓದುಗನಿಗೆ ಹಿತವಾಗದಿರಬಹುದು, ಸುಳ್ಳೆಂದು ಮಾತ್ರ ತೋರದು.

ಪದಕದ ವಿಷಯದ ಮೌನವನ್ನು ವಿನಯವೆಂದು ವಿಮರ್ಶಕರು ಕೊಂಡಾಡುವುದುಂಟು. ಅದು ಯುಕ್ತವೇ. 1916ರ ಸೆಪ್ಟೆಂಬರಿನ ಲಂಡನ್ ಗೆಜೆಟ್ಟನ್ನು ನೋಡಿದರೆ ಆ ಮೌನದ ಬೆಲೆ ತಿಳಿಯುವುದು. ಜುಲೈ 2 ಮತ್ತು 3ರಂದು ಲಾ ಬ್ವಾಸೆಲ್ ಗ್ರಾಮಕ್ಕಾಗಿ ನಡೆದ ಹೋರಾಟದಲ್ಲಿ ಉಳಿದ ಮೂವರು ದಳಪತಿಗಳು ಬಿದ್ದ ಬಳಿಕ ಅವರ ದಳಗಳ ಭಾರವನ್ನೂ ಇವನೇ ಹೊತ್ತು, ಹಿಡಿದ ನೆಲವನ್ನು ಬಿಡದೆ ನಿಂತನೆಂದು ಅಲ್ಲಿ ದಾಖಲೆಯಾಗಿದೆ. ಒಂದೇ ಕೈಯವನಾದುದರಿಂದ ಕೈಬಾಂಬಿನ ಕೀಲನ್ನು ಹಲ್ಲಿನಿಂದ ಎಳೆದು ಎಸೆಯುತ್ತಿದ್ದನು. ಆ ಶಿಲುಬೆಯು ತನ್ನ ಎಂಟನೆಯ ಗ್ಲಾಸ್ಟರ್ ದಳಕ್ಕೆ ಸಲ್ಲತಕ್ಕದ್ದೆಂದು, ಅಲ್ಲಿದ್ದವರೆಲ್ಲರೂ ತನ್ನಷ್ಟೇ ಮಾಡಿದರೆಂದು ಅವನು ಹೇಳಿದ್ದುಂಟು. ಈ ಭಾವನೆಯುಳ್ಳವನು ಪದಕವನ್ನು ತನ್ನ ಪುಸ್ತಕದಲ್ಲಿ ತೊಡದಿರುವುದು ಸಹಜವೇ ಸರಿ. ಕೃಷ್ಣನ ಬುದ್ಧಿವಾದವು ಅವನಿಗೆ ಬೇಕಾಗಿರಲಿಲ್ಲ.

ಆದರೆ ಗ್ರಂಥದಲ್ಲಿ ಮತ್ತೊಂದು ಮೌನವೂ ಉಂಟು. ಅದನ್ನು ಇದರೊಡನೆ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಕಾರ್ಟನ್ ಡಿ ವಿಯಾರ್ಟ್ 1908ರಲ್ಲಿ ಆಸ್ಟ್ರಿಯಾದ ಕುಲೀನ ಮನೆತನದ ಕನ್ಯೆಯನ್ನು ವರಿಸಿದನು. ಇಬ್ಬರು ಹೆಣ್ಣುಮಕ್ಕಳಾದರು. ಆ ಪತ್ನಿ ತೀರಿಕೊಂಡದ್ದು 1949ರಲ್ಲಿ, ಗ್ರಂಥವು ಹೊರಬರುವುದಕ್ಕೆ ಒಂದು ವರ್ಷ ಮುಂಚೆ. ಪುಸ್ತಕದಲ್ಲಿ ಅವಳೂ ಇಲ್ಲ, ಮಕ್ಕಳೂ ಇಲ್ಲ. ಬೀದಿಗೆಸೆದ ಗಾಜಿನ ಕಣ್ಣಿಗೆ ದೊರೆತ ಸ್ಥಳವು ಅವರಿಗೆ ದೊರೆಯಲಿಲ್ಲ. ಮನೆಯೊಳಗಿನ ಮಾತು ಮನೆಯೊಳಗೇ ಇರಲೆಂಬ ಮರ್ಯಾದೆ ಇದೆಂದು ಯಾರಾದರೂ ಸಮಾಧಾನ ಹೇಳಬಹುದು. ಮರ್ಯಾದೆಗೆ ಒಂದು ವಾಕ್ಯ ಸಾಕಾಗಿತ್ತು; ಅದೂ ಇಲ್ಲ. ತನ್ನ ಕೀರ್ತಿಯನ್ನು ಹೇಳದಿದ್ದರೆ ತನಗೆ ಮಾತ್ರ ನಷ್ಟ. ಗಾಯಗೊಂಡು ಮತ್ತೆ ಮತ್ತೆ ಹಾಸಿಗೆ ಹಿಡಿಯುವ ಯೋಧನ ಮನೆಯವರನ್ನು ಹೇಳದಿದ್ದರೆ ನಷ್ಟವಾಗುವುದು ಅವರಿಗೆ. ಮೊದಲನೆಯದನ್ನು ವಿನಯವೆನ್ನೋಣ; ಎರಡನೆಯದಕ್ಕೆ ಆ ಹೆಸರನ್ನಿಡಲು ಮನಸ್ಸೊಪ್ಪದು.

ಕ್ಷೇಮೇಂದ್ರನು ಔಚಿತ್ಯದ ಸ್ಥಾನಗಳನ್ನೆಣಿಸುವಾಗ ಹೆಸರಿನ ಔಚಿತ್ಯವನ್ನೂ ಸೇರಿಸಿರುವನು. ಆ ದೃಷ್ಟಿಯಿಂದ ಈ ಗ್ರಂಥನಾಮವೇ ವಿಚಾರಾರ್ಹವಾಗಿದೆ. ಗ್ರೀಕರ ಒಡಿಸಿಯಸನು ಕಡಲಲ್ಲಿ ಪಟ್ಟ ಪಾಡೆಲ್ಲವೂ ಮನೆಗೆ ಮರಳುವುದಕ್ಕಾಗಿ. ಇಪ್ಪತ್ತು ವರ್ಷ ಅಲ್ಲಿ ಪೆನೆಲೊಪಿ ಕಾದಿದ್ದಳು. ಪೆನೆಲೊಪಿಯಿಲ್ಲದ ಒಡಿಸಿ ಬರಿಯ ಅಲೆದಾಟವಾದೀತು. ಅದನ್ನು ಸುಖವೆನ್ನುವವನು ಮನೆಯನ್ನು ಬಯಸಿದವನಲ್ಲವೆಂಬ ಸಂಶಯಕ್ಕೆ ಶೀರ್ಷಿಕೆಯೇ ಎಡೆಗೊಡುತ್ತದೆ.

ಇಷ್ಟಾದರೂ ಪುಸ್ತಕವನ್ನು ತಳ್ಳಿಹಾಕತಕ್ಕದ್ದಲ್ಲ. ಫ್ಲಾರೆನ್ಸಿನ ಬಳಿಯ ವಿಂಚಿಲಿಯಾಟ ಕೋಟೆಯ ಸೆರೆವಾಸದ ಭಾಗವು ಎಲ್ಲಕ್ಕಿಂತ ಮೇಲಾದುದು. ವಯಸ್ಸಾದ ಸೇನಾನಿಗಳು ಕೂಡಿ ಏಳು ತಿಂಗಳು ಸುರಂಗವನ್ನು ತೋಡಿ, 1943ರ ಮಾರ್ಚಿಯಲ್ಲಿ ಆರು ಮಂದಿ ತಪ್ಪಿಸಿಕೊಂಡರು. ಇಟಾಲಿಯನ್ ಭಾಷೆ ಬಾರದ, ಒಂದೇ ಕಣ್ಣಿನ, ಒಂದೇ ಕೈಯ ನೀಳಕಾಯನು ರೈತನ ವೇಷದಲ್ಲಿ ಎಂಟು ದಿನ ತಲೆಮರೆಸಿಕೊಂಡನೆಂದರೆ ನಗೆಯೂ ಬೆರಗೂ ಒಟ್ಟಿಗೇ ಬರುವುವು. ಸಿಕ್ಕಿಬಿದ್ದ ಅವನು 1963ರವರೆಗೆ ಬಾಳಿದನು. ಸ್ವಿಟ್ಸರ್ಲೆಂಡನ್ನು ಮುಟ್ಟಿ ಗೆದ್ದ ಮೈಲ್ಸ್ ಮತ್ತು ಹಾರ್ಗೆಸ್ಟ್ ಎಂಬ ಇಬ್ಬರೂ ಯುದ್ಧ ಮುಗಿಯುವುದನ್ನು ಕಾಣಲಿಲ್ಲ.