ಸುಳ್ಳು ಹೆಸರಿನ ಗೆಳೆಯ



ಪೊಲೀಸ್ ಇಲಾಖೆಗೆ ಆಯ್ಕೆಯಾಗಿ ತರಬೇತಿಗೆ ಹೊರಟಿದ್ದ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಒಂದು ಭಾನುವಾರ ಬಲಿಪೂಜೆಯ ನಂತರ ಬಂದು, ಇಂಗ್ಲಿಷ್ ಪುಸ್ತಕವೊಂದನ್ನು ನನ್ನ ಕೈಗಿತ್ತ. "ಫಾದರ್, ಇದನ್ನು ಓದಿ ಹೇಳಿ. ಕೊಲೆಗಡುಕರನ್ನು ಹಿಡಿಯುವುದಕ್ಕಾಗಿ ಈ ಮನುಷ್ಯ ವರ್ಷಗಟ್ಟಲೆ ಸುಳ್ಳನ್ನೇ ಬದುಕಿದ. ನಂಬಿದವರಿಗೆ ಕೈಕೊಟ್ಟ. ಇವನು ಮಾಡಿದ್ದು ಪಾಪವೋ ಪುಣ್ಯವೋ?" ಎಂದು ಕೇಳಿದ. ನಾಳೆ ತನಗೂ ಇಂತಹ ಕೆಲಸ ಬಂದೀತೆಂಬ ಅಳುಕು ಆತನ ಮಾತಿನಲ್ಲಿತ್ತು. ಆ ಪುಸ್ತಕವನ್ನು ಓದಿ ಮುಗಿಸಿದ ಮೇಲೆ, ಆತನಿಗೆ ನೀಡಬೇಕಾದ ಉತ್ತರವನ್ನು ನಿಮ್ಮೆಲ್ಲರೊಂದಿಗೂ ಹಂಚಿಕೊಳ್ಳಬೇಕೆನಿಸಿತು.

ಪುಸ್ತಕದ ಹೆಸರು 'ಡಾನಿ ಬ್ರಾಸ್ಕೊ'. ಅಮೆರಿಕದ ಎಫ್‌ಬಿಐ ಸಂಸ್ಥೆಯ ಅಧಿಕಾರಿಯಾಗಿದ್ದ ಜೋಸೆಫ್ ಪಿಸ್ಟೋನ್ ಅವರು ರಿಚರ್ಡ್ ವುಡ್ಲಿ ಎಂಬ ಬರಹಗಾರರ ನೆರವಿನಿಂದ ಬರೆದ ಈ ಆತ್ಮಕಥನ 1988ರಲ್ಲಿ ಪ್ರಕಟವಾಯಿತು. ಇದನ್ನು ಆಧರಿಸಿ 1997ರಲ್ಲಿ ಬಂದ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. 1976ರ ಸೆಪ್ಟೆಂಬರಿನಿಂದ 1981ರ ಜುಲೈ 26ರವರೆಗೆ, ಎಂದರೆ ಐದು ವರ್ಷಗಳಿಗೆ ಸ್ವಲ್ಪವೇ ಕಡಿಮೆ ಅವಧಿ, ಪಿಸ್ಟೋನ್ ಅವರು ಒಡವೆ ಕದಿಯುವ ಕಳ್ಳನ ಸೋಗಿನಲ್ಲಿ ನ್ಯೂಯಾರ್ಕ್ ನಗರದ ಮಾಫಿಯಾ ಕೂಟಗಳ ನಡುವೆ ಬಾಳಿದರು. ಅಲ್ಲಿನ ಐದು ಮಾಫಿಯಾ 'ಕುಟುಂಬ'ಗಳಲ್ಲಿ ಒಂದಾದ ಬೊನಾನೊ ಕುಟುಂಬದ ಒಳಮನೆಯವರೆಗೂ ಅವರು ತಲುಪಿದರು. ಅದಕ್ಕಾಗಿ ಅವರು ರತ್ನಗಳನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿತರು. ಸಂಸ್ಥೆಯ ಕಡತಗಳಿಂದ ಅವರ ಹೆಸರನ್ನೇ ಅಳಿಸಿಹಾಕಲಾಯಿತು. ಆರು ತಿಂಗಳಿಗೆಂದು ಹೂಡಿದ ಯೋಜನೆ ಐದು ವರ್ಷಗಳ ಸಮೀಪಕ್ಕೆ ಬೆಳೆಯಿತು. ಅದರ ಫಲವಾಗಿ ಇನ್ನೂರಕ್ಕೂ ಹೆಚ್ಚು ಮಂದಿಯ ಮೇಲೆ ದೋಷಾರೋಪಣೆಯಾಗಿ, ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಪಿಸ್ಟೋನ್ ಅವರ ತಲೆಗೆ ಮಾಫಿಯಾ ಕಟ್ಟಿದ ಬೆಲೆ ಐದು ಲಕ್ಷ ಡಾಲರ್.

ಮೊದಲು ಗ್ರಂಥದ ಗುಣವನ್ನು ಹೇಳಬೇಕು. ಅಪರಾಧಲೋಕವನ್ನು ವೈಭವದಿಂದ ತೋರಿಸುವ ಕಾದಂಬರಿಗಳೂ ಚಿತ್ರಗಳೂ ನಮ್ಮ ಯುವಜನರ ಮುಂದೆ ಬೇಕಾದಷ್ಟಿವೆ. ಈ ಪುಸ್ತಕದಲ್ಲಿ ಅಂತಹ ವೈಭವವಿಲ್ಲ. ಇಲ್ಲಿರುವ ಕಳ್ಳರು ದಿನವಿಡೀ ಕ್ಲಬ್ಬಿನಲ್ಲಿ ಕುಳಿತು ಇಸ್ಪೀಟಾಡುತ್ತಾ, ಮುಂದಿನ ಕಳವಿನ ಮಾತಾಡುತ್ತಾ, ಮೇಲಿನವರಿಗೆ ಒಪ್ಪಿಸಬೇಕಾದ ಪಾಲಿನ ಲೆಕ್ಕ ಹಾಕುತ್ತಾ ಬೇಸರದಲ್ಲಿ ಕಾಲ ಕಳೆಯುತ್ತಾರೆ. ಎಲ್ಲರಿಗೂ ಎಲ್ಲರ ಭಯ. ಕರೆ ಬಂದರೆ ಹೋಗಲೇಬೇಕು. ಕರೆದವನು ಗೆಳೆಯನೇ ಆಗಿದ್ದರೂ ಮರಳಿ ಬರುವ ಭರವಸೆಯಿಲ್ಲ. ಪಿಸ್ಟೋನ್ ಅವರು ಇದನ್ನೆಲ್ಲ ಅಲಂಕಾರವಿಲ್ಲದೆ, ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವವನಂತೆ ಬರೆಯುತ್ತಾರೆ. ಪಾಪವು ಆಕರ್ಷಕವೆಂಬ ಭ್ರಮೆಯನ್ನು ಕಳೆಯಲು ಈ ಶುಷ್ಕ ಶೈಲಿಯೇ ಸಾಕು.

ಕಥೋಲಿಕರಾದ ನಮ್ಮನ್ನು ಹೆಚ್ಚು ನಾಚಿಸುವ ಸಂಗತಿ ಇನ್ನೊಂದಿದೆ. ಮಾಫಿಯಾ ತನ್ನ ಭಾಷೆಯನ್ನೆಲ್ಲ ನಮ್ಮ ಮನೆಯಿಂದಲೇ ಕದ್ದಿದೆ. ಅದು ತನ್ನನ್ನು 'ಕುಟುಂಬ'ವೆಂದು ಕರೆದುಕೊಳ್ಳುತ್ತದೆ. ಹೊಸಬನ ಹೊಣೆಯನ್ನು ಹಳೆಯ ಸದಸ್ಯನೊಬ್ಬ, ದೀಕ್ಷಾಸ್ನಾನದಲ್ಲಿ ಜ್ಞಾನತಂದೆ ಮಗುವಿನ ಹೊಣೆ ಹೊರುವಂತೆ, ತನ್ನ ಪ್ರಾಣದ ಮೇಲೆ ಹೊರುತ್ತಾನೆ. ಸದಸ್ಯತ್ವದ ದಿನ ಬೆರಳನ್ನು ಚುಚ್ಚಿ ರಕ್ತ ತೆಗೆದು, ಅಂಗೈಯಲ್ಲಿ ಸಂತರ ಚಿತ್ರವೊಂದನ್ನು ಸುಡುತ್ತಾ ಪ್ರತಿಜ್ಞೆ ಮಾಡಿಸುತ್ತಾರೆ. 1989ರ ಅಕ್ಟೋಬರ್ 29ರಂದು ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್‌ನಲ್ಲಿ ನಡೆದ ಇಂತಹ ಒಂದು ಆಚರಣೆಯನ್ನು ಎಫ್‌ಬಿಐ ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿತು. ಸಂಸ್ಕಾರದ ಇಂತಹ ಅಣಕವನ್ನು ಧರ್ಮಸಭೆ ಸಹಿಸಲಾರದು. ಜಗದ್ಗುರು ಎರಡನೇ ಜಾನ್ ಪೌಲರು 1993ರ ಮೇ 9ರಂದು ಸಿಸಿಲಿಯ ಅಗ್ರಿಜೆಂತೊದಲ್ಲಿ, ದೇವರ ತೀರ್ಪಿಗೆ ಅಂಜಿ ಮನಪರಿವರ್ತನೆಗೊಳ್ಳಿರೆಂದು ಮಾಫಿಯಾದವರಿಗೆ ಗುಡುಗಿದರು. ಅದೇ ವರ್ಷದ ಸೆಪ್ಟೆಂಬರ್ 15ರಂದು ಪಲೆರ್ಮೊ ನಗರದಲ್ಲಿ, ಬಾಲಕರನ್ನು ಮಾಫಿಯಾದ ಕೈಯಿಂದ ಬಿಡಿಸಲು ದುಡಿಯುತ್ತಿದ್ದ ಧರ್ಮಗುರು ಪಿನೊ ಪುಲ್ಯೀಸಿಯವರನ್ನು ಮಾಫಿಯಾ ಕೊಂದಿತು. 2013ರಲ್ಲಿ ಅವರು ಪುನೀತ ಪದವಿಗೇರಿದರು. 2014ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಕಲಾಬ್ರಿಯ ಪ್ರಾಂತ್ಯದಲ್ಲಿ, ಮಾಫಿಯಾದ ಹಾದಿ ಹಿಡಿದವರು ಧರ್ಮಸಭೆಯಿಂದ ಬಹಿಷ್ಕೃತರೆಂದು ಸಾರಿದರು. ಆದ್ದರಿಂದ ಈ ದುಷ್ಟಕೂಟವನ್ನು ಒಡೆಯಲು ಹೊರಟವರ ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಪ್ರಶ್ನೆ ಇರುವುದು ಅವರು ಹಿಡಿದ ಹಾದಿಯ ಬಗ್ಗೆ.

ಆ ಹಾದಿಯಲ್ಲಿ ನಮಗೆ ಮುಖ್ಯವಾಗಿ ಇಬ್ಬರು ಎದುರಾಗುತ್ತಾರೆ. ಒಬ್ಬ ಬೆಂಜಮಿನ್ ರುಜೀರೊ. ಎಲ್ಲರೂ ಕರೆಯುತ್ತಿದ್ದುದು 'ಲೆಫ್ಟಿ' ಎಂದು. ಜೂಜಿನ ಸಾಲದಲ್ಲಿ ಮುಳುಗಿದ, ಸದಾ ಗೊಣಗುವ, ಕೊಲೆಗೂ ಹೇಸದ ಈ ಮನುಷ್ಯ ಡಾನಿಯನ್ನು ತನ್ನವನೆಂದು ಬಗೆದು, ಆ ಲೋಕದ ನಡೆನುಡಿಗಳನ್ನೆಲ್ಲ ಕಲಿಸಿದ. ತನ್ನ ಮದುವೆಗೆ ಡಾನಿಯನ್ನೇ ಜೊತೆಗಾರನಾಗಿ ನಿಲ್ಲಿಸಿಕೊಂಡ. ಇನ್ನೊಬ್ಬ ಕುಟುಂಬದ ಕ್ಯಾಪ್ಟನ್ ಆಗಿದ್ದ ಡೊಮಿನಿಕ್ ನಾಪೊಲಿಟಾನೊ, ಅಡ್ಡಹೆಸರು 'ಸೋನಿ ಬ್ಲ್ಯಾಕ್'. ಬ್ರೂಕ್ಲಿನ್‌ನಲ್ಲಿದ್ದ ತನ್ನ ಅಡ್ಡೆಯ ಮಾಳಿಗೆಯ ಮೇಲೆ ಆತ ಪಾರಿವಾಳಗಳನ್ನು ಸಾಕಿದ್ದ. ಆ ಗೂಡುಗಳ ಬಳಿ ನಿಂತು ಡಾನಿಯೊಂದಿಗೆ ಮನಬಿಚ್ಚಿ ಮಾತಾಡುತ್ತಿದ್ದ. ಇಡೀ ಗ್ರಂಥದಲ್ಲಿ ಕೊಲೆಗಡುಕನ ಮನುಷ್ಯಮುಖ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ಕೊನೆಗೆ ಡಾನಿಯನ್ನು ಪೂರ್ಣ ಸದಸ್ಯನನ್ನಾಗಿಸಲು ಸೋನಿ ನಿರ್ಧರಿಸಿದ. ಅದರೊಂದಿಗೆ ಎದುರು ಬಣದ ಒಬ್ಬನನ್ನು ಕೊಲ್ಲುವ ಕೆಲಸವನ್ನೂ ಒಪ್ಪಿಸಿದ. ಎಫ್‌ಬಿಐ ಅಲ್ಲಿಗೆ ಕಾರ್ಯಾಚರಣೆಯನ್ನು ನಿಲ್ಲಿಸಿತು.

ಕೆಲವೇ ದಿನಗಳಲ್ಲಿ ಅಧಿಕಾರಿಗಳು ಸೋನಿಯ ಬಳಿಗೆ ಹೋಗಿ, ಡಾನಿ ತಮ್ಮವನೆಂದು ತಿಳಿಸಿದರು. ಸರಕಾರದ ಆಶ್ರಯವನ್ನು ಆತ ಒಲ್ಲೆನೆಂದ. 1981ರ ಆಗಸ್ಟ್ 17ರಂದು ಸಭೆಯೊಂದಕ್ಕೆ ಕರೆ ಬಂದಾಗ, ತನ್ನ ಒಡವೆಗಳನ್ನೂ ಬೀಗದ ಕೈಗಳನ್ನೂ ಅಡ್ಡೆಯ ನೌಕರನಿಗೆ ಕೊಟ್ಟು ಹೊರಟ. ಆತನ ಶವ ಸಿಕ್ಕಿದ್ದು ಒಂದು ವರ್ಷದ ನಂತರ, ಕೈಗಳನ್ನು ಕತ್ತರಿಸಲಾಗಿತ್ತು. ಡಾನಿಗೆ ಆ ಕುಟುಂಬದ ಬಾಗಿಲು ತೆರೆದಿದ್ದ ಆಂಥನಿ ಮಿರಾ ಎಂಬಾತನೂ 1982ರ ಫೆಬ್ರವರಿಯಲ್ಲಿ ಕೊಲೆಯಾದ. ಲೆಫ್ಟಿಯನ್ನು ಕೊಲೆಗಾರರ ಕೈ ಸೇರುವ ಮುನ್ನವೇ ಎಫ್‌ಬಿಐ ಬಂಧಿಸಿತು. ಆತ ಸೆರೆವಾಸ ಅನುಭವಿಸಿ, 1992ರಲ್ಲಿ ಬಿಡುಗಡೆಯಾಗಿ, 1994ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಚಲನಚಿತ್ರದ ಕೊನೆಯಲ್ಲಿ ಒಡವೆಗಳನ್ನು ತೆಗೆದಿಟ್ಟು ಸಾವಿನೆಡೆಗೆ ನಡೆಯುವವನು ಲೆಫ್ಟಿ. ನಿಜದಲ್ಲಿ ಹಾಗೆ ನಡೆದವನು ಸೋನಿ. ಚಿತ್ರವು ನಮ್ಮ ಕಣ್ಣೀರನ್ನು ಒಬ್ಬನ ಮೇಲೆ ಹರಿಸಲು ಇಬ್ಬರ ಕಥೆಯನ್ನು ಬೆರೆಸಿದೆ.

ಈಗ ಆ ಯುವಕನ ಪ್ರಶ್ನೆಗೆ ಬರೋಣ. ಇದು ಇಂದು ಹುಟ್ಟಿದ ಪ್ರಶ್ನೆಯಲ್ಲ. ಸುಮಾರು ಕ್ರಿ.ಶ. 420ರಲ್ಲಿ ಕೊನ್ಸೆನ್ಸಿಯುಸ್ ಎಂಬಾತ ಸಂತ ಅಗಸ್ಟೀನರಿಗೆ ಇದನ್ನೇ ಕೇಳಿದ್ದ. ಸ್ಪೇನಿನಲ್ಲಿ ಪ್ರಿಸಿಲಿಯನ್ ಪಂಥದವರು ಸುಳ್ಳು ಹೇಳಿ ತಮ್ಮ ನಂಬಿಕೆಯನ್ನು ಮರೆಮಾಚುತ್ತಿದ್ದರು. ನಮ್ಮವರೂ ಆ ಪಂಥದವರಂತೆ ನಟಿಸಿ ಒಳಹೊಕ್ಕು ಅವರನ್ನು ಬಯಲಿಗೆಳೆಯಬಹುದೇ ಎಂಬುದು ಆತನ ಪ್ರಶ್ನೆ. ಅಗಸ್ಟೀನರು 'ಸುಳ್ಳಿನ ವಿರುದ್ಧ' ಎಂಬ ಗ್ರಂಥವನ್ನೇ ಬರೆದು, ಕೂಡದೆಂದರು. ಸುಳ್ಳನ್ನು ಸುಳ್ಳಿನಿಂದ ತಿದ್ದಲಾಗದು ಎಂಬುದು ಅವರ ವಾದದ ತಿರುಳು. ಈಜಿಪ್ಟಿನ ಸೂಲಗಿತ್ತಿಯರೂ ರಾಹಾಬಳೂ ಸುಳ್ಳಾಡಿದರಲ್ಲ ಎಂದರೆ, ದೇವರು ಅವರ ದಯೆಗೆ ಪ್ರತಿಫಲವಿತ್ತರು, ಸುಳ್ಳಿಗಲ್ಲ ಎಂದು ಅವರು ಉತ್ತರಿಸಿದರು. ಸಂತ ಥಾಮಸ್ ಅಕ್ವಿನಾಸರೂ ಎಲ್ಲ ಸುಳ್ಳೂ ಪಾಪವೆಂದರು. ಪರೋಪಕಾರಕ್ಕಾಗಿ ಆಡಿದ ಸುಳ್ಳನ್ನು ಮಾತ್ರ ಲಘುಪಾಪವೆಂದು ಪರಿಗಣಿಸಿದರು.

ನಮ್ಮ ಕಾಲದಲ್ಲೂ ಧರ್ಮಸಭೆ ಇದನ್ನು ಎಚ್ಚರದಿಂದ ತೂಗಿದೆ. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥವು, ಸತ್ಯವನ್ನು ತಿಳಿಯುವ ಹಕ್ಕುಳ್ಳವನನ್ನು ದಾರಿ ತಪ್ಪಿಸುವುದೇ ಸುಳ್ಳು ಎಂಬರ್ಥದಲ್ಲಿ ವಿವರಿಸಿತ್ತು. 1997ರ ಅಧಿಕೃತ ಲ್ಯಾಟಿನ್ ಆವೃತ್ತಿಯಲ್ಲಿ 'ಹಕ್ಕುಳ್ಳವನು' ಎಂಬ ಮಾತನ್ನು ಕೈಬಿಡಲಾಯಿತು. ಹಕ್ಕಿಲ್ಲದವನಿಗೆ ಸತ್ಯವನ್ನು ತೆರೆದಿಡಬೇಕಾಗಿಲ್ಲ ಎಂಬ ಬೋಧನೆ ಹಾಗೆಯೇ ಉಳಿಯಿತು. ಮೌನಕ್ಕೆ ಅವಕಾಶವಿದೆ, ಸುಳ್ಳಿಗೆ ಪರವಾನಗಿಯಿಲ್ಲ. ಇವೆರಡರ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಪ್ರಾಣಗಳನ್ನು ಕಾಪಾಡಬೇಕಾದ ಅಧಿಕಾರಿ ನಡೆಯಬೇಕಾಗಿದೆ. ಕೊಲೆಗಳನ್ನು ತಡೆಯುವುದು ಸರಕಾರದ ಕರ್ತವ್ಯ. ಗುಟ್ಟಿನ ಕೂಟಗಳನ್ನು ಹೊರಗೆ ನಿಂತು ಒಡೆಯುವುದು ಕಷ್ಟ. ಆದ್ದರಿಂದ ಪಿಸ್ಟೋನ್ ಅವರನ್ನು ಒಂದೇ ಮಾತಿನಲ್ಲಿ ಖಂಡಿಸಲು ನನಗೆ ಮನಸ್ಸಿಲ್ಲ.

ಗ್ರಂಥದ ಕೊರತೆ ನನಗೆ ಕಂಡದ್ದು ಬೇರೆಡೆ. ಸೋನಿಯೊಂದಿಗೆ ತಮಗೆ ಆತ್ಮೀಯತೆ ಬೆಳೆದಿತ್ತೆಂದು ಪಿಸ್ಟೋನ್ ಒಪ್ಪಿಕೊಳ್ಳುತ್ತಾರೆ. ಆದರೆ ಅಪರಾಧಭಾವ ತಮಗಿಲ್ಲ, ತಾವು ಕೆಲಸ ಮಾಡಿದೆವು, ಅವರು ತಮ್ಮ ಬಾಳನ್ನು ತಾವೇ ಆರಿಸಿಕೊಂಡಿದ್ದರು ಎಂಬ ನಿಲುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ಈ ನಿಲುವು ಅವರನ್ನು ಆ ವರ್ಷಗಳಲ್ಲಿ ಬದುಕಿಸಿರಬಹುದು. ಆದರೂ ಓದುವ ನಮಗೆ ಏನೋ ಬಾಕಿ ಉಳಿದಂತೆನಿಸುತ್ತದೆ.

ಬಾಕಿ ಉಳಿದದ್ದು ಏನೆಂದು ತಿಳಿಯಲು ಸಮುವೇಲನ ಎರಡನೇ ಗ್ರಂಥವನ್ನು ತೆರೆಯಿರಿ. ಮಗನಾದ ಅಬ್ಷಾಲೋಮ ದಂಗೆಯೆದ್ದಾಗ ದಾವೀದನು ತನ್ನ ಗೆಳೆಯ ಹೂಷೈಯನ್ನು ಶತ್ರುವಿನ ಆಸ್ಥಾನಕ್ಕೆ ಕಳುಹಿಸುತ್ತಾನೆ. ಹೂಷೈ ನಿಷ್ಠನಂತೆ ನಟಿಸಿ ಅಬ್ಷಾಲೋಮನ ನಂಬಿಕೆ ಗಳಿಸುತ್ತಾನೆ, ತಪ್ಪು ಸಲಹೆ ನೀಡುತ್ತಾನೆ. ಅಹೀತೋಫೆಲನು ತನ್ನ ಸಲಹೆ ಸೋತಿತೆಂದು ನೇಣುಹಾಕಿಕೊಳ್ಳುತ್ತಾನೆ. ಅಬ್ಷಾಲೋಮ ಹತನಾಗುತ್ತಾನೆ. ರಾಜ್ಯ ಉಳಿಯುತ್ತದೆ. ಗೆದ್ದ ದಾವೀದನು ಮಾಡುವುದೇನು? ಬಾಗಿಲ ಮೇಲಿನ ಕೋಣೆಗೆ ಹೋಗಿ, ಸತ್ತ ದಂಗೆಕೋರನ ಹೆಸರನ್ನು ಮತ್ತೆ ಮತ್ತೆ ಕರೆದು ಅಳುತ್ತಾನೆ. ಸೇನಾಪತಿ ಯೋವಾಬನು ಬಂದು ಗದರುತ್ತಾನೆ: ನಿನಗಾಗಿ ಪ್ರಾಣ ಪಣವಿಟ್ಟವರನ್ನು ನೀನು ಅವಮಾನಿಸುತ್ತಿದ್ದೀ ಎಂದು. ಯೋವಾಬನ ಮಾತಿನಲ್ಲಿ ನ್ಯಾಯವಿದೆ. ದಾವೀದನು ಎದ್ದು ಬಂದು ಜನರ ಮುಂದೆ ಕೂರುತ್ತಾನೆ. ಆದರೆ ಅತ್ತ ಮೇಲೆ ಬಂದು ಕೂರುತ್ತಾನೆ. ಪಿಸ್ಟೋನ್ ಅವರ ಗ್ರಂಥದಲ್ಲಿ ಯೋವಾಬನ ದನಿ ಇದೆ. ಮೇಲಿನ ಕೋಣೆಯ ಅಳು ಕೇಳಿಸುವುದಿಲ್ಲ.

ಇದು ಬರವಣಿಗೆಯ ದೋಷ ಮಾತ್ರವಲ್ಲ. ದುಷ್ಟನ ಸಾವಿಗೂ ಅಳಬಲ್ಲ ಹೃದಯವೇ, ತಾನು ಕಾದಾಡಿದ ದುಷ್ಟತನವನ್ನು ತನ್ನೊಳಗೆ ಬಿಟ್ಟುಕೊಳ್ಳದ ಹೃದಯ. ಸೋನಿ ಕೊಲೆಗಾರ, ಅದನ್ನು ಮರೆಸಿ ಕನಿಕರಪಡುವುದು ಆತನ ಕೈಯಲ್ಲಿ ಸತ್ತವರಿಗೆ ಮಾಡುವ ಅನ್ಯಾಯ. ಆದರೂ ಪ್ರಭು ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದು ಆತನಿಗಾಗಿಯೂ ಹೌದು.

ಇನ್ನೊಂದು ಮಾತು ಕುಟುಂಬಸ್ಥರಾದ ನಿಮಗೆ. ಡಾನಿ ಎಂಬ ಹೆಸರಿನ ಬೆಲೆ ತೆತ್ತವರಲ್ಲಿ ಪಿಸ್ಟೋನ್ ಅವರ ಪತ್ನಿ ಮತ್ತು ಮೂವರು ಹೆಣ್ಣುಮಕ್ಕಳೂ ಇದ್ದಾರೆ. ತಂದೆ ತಿಂಗಳುಗಟ್ಟಲೆ ಮನೆಗೆ ಬರಲಿಲ್ಲ. ಬಂದಾಗಲೂ ಎಲ್ಲಿದ್ದೆನೆಂದು ಹೇಳುವಂತಿರಲಿಲ್ಲ. ಪತ್ನಿ ವಾಹನ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಪ್ರಸಂಗವನ್ನು ಓದುವಾಗ, ಪರರ ಮನೆಗಳನ್ನು ಕಾಯಲು ಹೋದವನ ಮನೆಯನ್ನು ಕಾದವರು ಯಾರು ಎಂಬ ಪ್ರಶ್ನೆ ನಮ್ಮನ್ನು ಚುಚ್ಚುತ್ತದೆ. ಪೊಲೀಸ್, ಸೇನೆ ಮುಂತಾದ ಸೇವೆಗಳಲ್ಲಿ ಮಕ್ಕಳನ್ನೋ ಗಂಡನನ್ನೋ ಉಳ್ಳ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಅವರ ಬಾಗಿಲನ್ನು ನಾವು ಎಷ್ಟು ಸಲ ತಟ್ಟಿದ್ದೇವೆ?

ಆ ಯುವಕನಿಗೆ ಪುಸ್ತಕವನ್ನು ಹಿಂದಿರುಗಿಸುವಾಗ ನಾನು ಹೇಳಿದ್ದಿಷ್ಟು: "ಮಗನೇ, ನಿನಗೆ ಇಂತಹ ಕೆಲಸ ಬಾರದಿರಲೆಂದು ಪ್ರಾರ್ಥಿಸುತ್ತೇನೆ. ಬಂದರೆ, ಕೊಲ್ಲು ಎಂದಾಗ ಒಲ್ಲೆನೆನ್ನುವ ಗೆರೆಯೊಂದನ್ನು ಮೊದಲೇ ಎಳೆದಿಟ್ಟುಕೋ. ನಿನ್ನ ನಿಜವಾದ ಹೆಸರಿನಿಂದ ಕರೆಯುವ ಒಬ್ಬರಾದರೂ ಇರಲಿ. ಮುಗಿದ ಮೇಲೆ ಪಾಪನಿವೇದನೆಗೆ ಬಾ. ನೀನು ಸುಳ್ಳು ಹೇಳಿದವರಿಗಾಗಿ ನಾವಿಬ್ಬರೂ ಸೇರಿ ಪ್ರಾರ್ಥಿಸೋಣ." ಆತ ತಲೆಯಾಡಿಸಿ ಹೋದ. ಆತನಿಗಾಗಿ ನೀವೂ ಪ್ರಾರ್ಥಿಸಿರಿ.