ಐವತ್ತು ಗಜದ ಅಂತರ

ಈ ಸಲ ಒಂದು ಪುಸ್ತಕವನ್ನೂ ಒಂದು ಸಿನಿಮಾವನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಪುಸ್ತಕ, ಮೈಕ್ ಫಿಟ್ಜ್ ಬರೆದ ‘ದ ಬೇರ್ಸ್ ಆಫ್ ಬ್ರೂಕ್ಸ್ ಫಾಲ್ಸ್’ (2021). ಸಿನಿಮಾ, ವರ್ನರ್ ಹರ್ಜೋಗ್ ಅವರ ಸಾಕ್ಷ್ಯಚಿತ್ರ ‘ಗ್ರಿಜ್ಲಿ ಮ್ಯಾನ್’ (2005). ಎರಡೂ ಅಲಾಸ್ಕಾದ ಕಟ್ಮೈ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದವು. ಅಲ್ಲಿ ಸುಮಾರು 2,200 ಕಂದು ಕರಡಿಗಳಿವೆ, ಹನ್ನೆರಡಕ್ಕೂ ಹೆಚ್ಚು ಜೀವಂತ ಅಗ್ನಿಪರ್ವತಗಳಿವೆ. ಹೊರಗಿನಿಂದ ಹೋಗುವ ರಸ್ತೆ ಮಾತ್ರ ಇಲ್ಲ.

ಸಿನಿಮಾವನ್ನು ನಮ್ಮ ಬಳಗದಲ್ಲಿ ಅನೇಕರು ನೋಡಿರುತ್ತೀರಿ. ಪುಸ್ತಕ ಓದಿದವರು ಕಡಿಮೆ. ಕರಡಿಗಳ ನಡುವೆ ಹೋಗಿ ಸತ್ತವನ ಕಥೆ ಲೋಕಕ್ಕೆಲ್ಲ ಗೊತ್ತು. ಅದೇ ಕರಡಿಗಳ ನಡುವೆ ವರ್ಷಗಟ್ಟಲೆ ನೌಕರಿ ಮಾಡಿ ಕ್ಷೇಮವಾಗಿ ಹಿಂತಿರುಗಿದ ರೇಂಜರ್ ಬರೆದ ಪುಸ್ತಕ ಗೊತ್ತಿಲ್ಲ. ಹರ್ಜೋಗ್ ದೊಡ್ಡ ಕಲಾವಿದರು, ಫಿಟ್ಜ್ ಅಲ್ಲ ಎಂಬುದು ಒಂದು ಕಾರಣ. ಅದೊಂದೇ ಕಾರಣ ಅಲ್ಲ ಎಂದು ನನ್ನ ಅನಿಸಿಕೆ. ಕಾಡಿನ ಬರವಣಿಗೆಯಿಂದ ಓದುಗರಾದ ನಾವು ಏನು ಕೇಳುತ್ತೇವೆ ಎಂಬುದೂ ಇದರಲ್ಲಿ ಸೇರಿಕೊಂಡಿದೆ.

‘ರೇಂಜರ್’ ಎಂದೊಡನೆ ನಮಗೆ ನೆನಪಾಗುವುದು ಖಾಕಿ ಬಟ್ಟೆ, ಜೀಪು, ಮರ ಕಡಿಯಲು ಪರ್ಮಿಷನ್ ಕೇಳಿಕೊಂಡು ಆಫೀಸಿನ ಮುಂದೆ ನಿಂತ ಜನ. ಕಾಡಿನ ಕಥೆ ಎಂದರೆ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್. ಅಲ್ಲಿ ನಾಯಕ ಬೇಟೆಗಾರ. ನರಭಕ್ಷಕ ಸತ್ತಾಗ ಕಥೆ ಮುಗಿಯುತ್ತದೆ. ಬ್ರೂಕ್ಸ್ ಕ್ಯಾಂಪಿನ ರೇಂಜರ್ ಈ ಎರಡು ಚಿತ್ರಗಳಿಗೂ ಹೊಂದುವುದಿಲ್ಲ. ಕಿಂಗ್ ಸಾಮನ್ ಎಂಬ ಪುಟ್ಟ ಊರಿನಿಂದ, ನೀರಿನ ಮೇಲಿಳಿಯುವ ವಿಮಾನದಲ್ಲಿ ಬಂದವರನ್ನೆಲ್ಲ ಅವನು ಮೊದಲು ಕೂರಿಸಿ ಕರಡಿಯ ಪಾಠ ಹೇಳಬೇಕು. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ, ಕರಡಿ ಎದುರಾದರೆ ಓಡಬೇಡಿ, ಕನಿಷ್ಠ 50 ಗಜ ದೂರ ಇರಿ. ಆಮೇಲೆ ನದಿಯ ದಡದಲ್ಲಿ ನಿಂತು ಕಾಯಬೇಕು. 2019ರಲ್ಲಿ ಎತ್ತರದ ಸೇತುವೆ ಬರುವ ಮೊದಲು ಅಲ್ಲೊಂದು ತೇಲುಸೇತುವೆ ಇತ್ತು. ಅದರ ಹತ್ತಿರ ಒಂದು ಕರಡಿ ಮಲಗಿ ನಿದ್ದೆ ಹೋದರೆ ಮುಗಿಯಿತು, ಎರಡೂ ದಡದಲ್ಲಿ ಜನ ನಿಂತೇ ಇರಬೇಕು. ವಿಮಾನ ತಪ್ಪುತ್ತದೆ ಎಂದು ಗೊಣಗುವವರನ್ನು ಸಮಾಧಾನ ಮಾಡುವುದೂ ರೇಂಜರ್ ಕೆಲಸವೇ. ಸಂಜೆಗೆ ಏನೂ ಆಗಿಲ್ಲವೆಂದರೆ ಅವನ ದಿನ ಸಾರ್ಥಕ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲೂ ಇಂಥದೊಂದು ಕಾವಲಿದೆ. ಸರ್ವರ್ ಬಿದ್ದ ರಾತ್ರಿ ಎದ್ದು ಕೂತು ಸರಿಮಾಡಿದವನಿಗೆ ಎಲ್ಲರೆದುರು ಚಪ್ಪಾಳೆ. ವರ್ಷವಿಡೀ ಅದು ಬೀಳದಂತೆ ನೋಡಿಕೊಂಡವನು ಏನು ಮಾಡುತ್ತಾನೆಂದು ಯಾರಿಗೂ ತಿಳಿಯುವುದಿಲ್ಲ. ಆಗದೇ ಹೋದ ಅನಾಹುತವನ್ನು ಕಥೆಯಾಗಿ ಹೇಳುವುದು ಹೇಗೆ? ಫಿಟ್ಜ್ ಅವರ ಪುಸ್ತಕ ಎದುರಿಸಿದ ಕಷ್ಟ ಇದು. ಹರ್ಜೋಗ್‌ಗೆ ಈ ಕಷ್ಟ ಬರಲಿಲ್ಲ.

‘ಗ್ರಿಜ್ಲಿ ಮ್ಯಾನ್’ ಟಿಮೊಥಿ ಟ್ರೆಡ್‌ವೆಲ್‌ನ ಕಥೆ. ಆತ 13 ಬೇಸಿಗೆಗಳನ್ನು ಕಟ್ಮೈ ಕರಾವಳಿಯಲ್ಲಿ ಕಳೆದ. ಕರಡಿಗಳಿಗೆ ಮುದ್ದಿನ ಹೆಸರಿಟ್ಟು ಮಾತಾಡಿಸಿದ, ತಾನೇ ಅವುಗಳ ರಕ್ಷಕ ಎಂದುಕೊಂಡ. 2003ರ ಅಕ್ಟೋಬರ್‌ನಲ್ಲಿ ಕಫ್ಲಿಯಾ ಕೊಲ್ಲಿಯ ಬಳಿ ಆತನನ್ನೂ ಜೊತೆಗಿದ್ದ ಏಮಿ ಹುಗುನಾರ್ಡ್‌ಳನ್ನೂ ಕರಡಿಯೊಂದು ಕೊಂದಿತು. ಆತ ಬಿಟ್ಟುಹೋದ ನೂರು ಗಂಟೆಗೂ ಮೀರಿದ ವಿಡಿಯೋದಿಂದ ಹರ್ಜೋಗ್ ಚಿತ್ರ ಕಟ್ಟಿದ್ದಾರೆ. ಸಾವಿನ ಹೊತ್ತಿನ ಧ್ವನಿಮುದ್ರಣವನ್ನು ತಾವು ಹೆಡ್‌ಫೋನಿನಲ್ಲಿ ಕೇಳಿ, ನಮಗೆ ಕೇಳಿಸದೆ ಬಿಟ್ಟ ಅವರ ಸಂಯಮ ದೊಡ್ಡದು. ಟ್ರೆಡ್‌ವೆಲ್ ಚೌಕಟ್ಟಿನಿಂದ ಆಚೆ ಹೋದ ಮೇಲೂ ಓಡುತ್ತಲೇ ಇದ್ದ ಕ್ಯಾಮೆರಾದಲ್ಲಿ ಬರೀ ಗಾಳಿಗೆ ತೊನೆಯುವ ಗಿಡಗಳು ಉಳಿದಿವೆ. ಆ ಚೂರುಗಳನ್ನು ಗುರುತಿಸಿ ಎತ್ತಿಟ್ಟದ್ದು ಹರ್ಜೋಗ್ ಅವರ ಕಣ್ಣು.

ಆದರೆ ಈ ಚಿತ್ರದಲ್ಲಿ ಕರಡಿ ಎಲ್ಲಿದೆ? ಟ್ರೆಡ್‌ವೆಲ್‌ಗೆ ಕರಡಿಯ ಮುಖದಲ್ಲಿ ಗೆಳೆಯ ಕಾಣುತ್ತಾನೆ. ಹರ್ಜೋಗ್‌ಗೆ ಅದೇ ಮುಖದಲ್ಲಿ ಪ್ರಕೃತಿಯ ಪರಮ ನಿರ್ಲಕ್ಷ್ಯ ಕಾಣುತ್ತದೆ. ಇಬ್ಬರದೂ ಮೇಲ್ನೋಟಕ್ಕೆ ಎದುರುಬದುರು ನಿಲುವು; ಸೂಕ್ಷ್ಮವಾಗಿ ನೋಡಿದರೆ ಇಬ್ಬರೂ ಕರಡಿಯನ್ನು ಕನ್ನಡಿಯಾಗಿ ಹಿಡಿದವರೇ. ಅಕ್ಟೋಬರ್‌ನಲ್ಲಿ ಆ ಕರಡಿಗೆ ಎಷ್ಟು ಹಸಿವಿರುತ್ತದೆ, ಮುಂದಿನ ತಿಂಗಳುಗಳನ್ನು ಅದು ಹೇಗೆ ಕಳೆಯಬೇಕು ಎಂಬುದರಲ್ಲಿ ಸಿನಿಮಾಕ್ಕೆ ಹೆಚ್ಚು ಆಸಕ್ತಿಯಿಲ್ಲ. ಕೊಡಿಯಾಕ್‌ನ ಮೂಲನಿವಾಸಿ ಅಲುಟಿಕ್ ಜನಾಂಗದ ವಿದ್ವಾಂಸರೊಬ್ಬರು ಚಿತ್ರದಲ್ಲಿ ಮಾತಾಡುತ್ತಾರೆ. ತಮ್ಮವರು ತಲೆಮಾರುಗಳಿಂದ ಕಾಪಾಡಿಕೊಂಡ ಗಡಿಯನ್ನು ಟ್ರೆಡ್‌ವೆಲ್ ದಾಟಿದ, ಅದು ಕರಡಿಗೆ ತೋರಿದ ಅಗೌರವ ಎಂಬುದು ಅವರ ಮಾತಿನ ತಿರುಳು. ಇಡೀ ಚಿತ್ರದಲ್ಲಿ ನನಗೆ ಮುಖ್ಯವೆನಿಸಿದ ಮಾತು ಇದು; ಚಿತ್ರ ಅದನ್ನು ಕೇಳಿಸಿಕೊಂಡು ಮುಂದೆ ಹೋಗಿಬಿಡುತ್ತದೆ. ಶವಗಳನ್ನು ತರಲು ಹೋದವರು ಎರಡು ಕರಡಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ರಕ್ಷಕನ ಪ್ರೀತಿಗೆ ಕರಡಿಗಳು ತೆತ್ತ ಬೆಲೆ ಅದು.

ಫಿಟ್ಜ್ ಅವರ ಪುಸ್ತಕ ಕರಡಿಯಿಂದ ಶುರುವಾಗುವುದೇ ಇಲ್ಲ. ಮೂರು ಭಾಗಗಳಲ್ಲಿ ಮೊದಲನೆಯದು ನೆಲದ ಚರಿತ್ರೆ. 1912ರ ಜೂನ್ 6ರಂದು ನೊವರಪ್ಟ ಬಾಯಿ ತೆರೆಯಿತು. ಸುಮಾರು ಅರವತ್ತು ಗಂಟೆ ಬೆಂಕಿ ಬೂದಿ ಕಾರಿತು. 20ನೇ ಶತಮಾನದ ಅತಿ ದೊಡ್ಡ ಸ್ಫೋಟ ಅದು. ನೂರು ಮೈಲಿ ದೂರದ ಕೊಡಿಯಾಕ್ ದಿನಗಟ್ಟಲೆ ಕತ್ತಲಲ್ಲಿ ಕೂತಿತು. 1916ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಗ್ರಿಗ್ಸ್ ಬೂದಿ ತುಂಬಿದ ಕಣಿವೆಗೆ ಬಂದು, ನೆಲದಿಂದ ಏಳುತ್ತಿದ್ದ ಅಸಂಖ್ಯ ಹಬೆಗಳನ್ನು ಕಂಡು ಬೆರಗಾಗಿ ಅದಕ್ಕೆ ಹತ್ತು ಸಾವಿರ ಹೊಗೆಗಳ ಕಣಿವೆ ಎಂದು ಹೆಸರಿಟ್ಟರು. ಆ ಹೊಗೆಯ ಸಲುವಾಗಿ 1918ರಲ್ಲಿ ಅಧ್ಯಕ್ಷ ವಿಲ್ಸನ್ ಕಟ್ಮೈಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಶಿಖರ ಕುಸಿದದ್ದು ಕಟ್ಮೈ ಪರ್ವತದ್ದಾದ್ದರಿಂದ ಸ್ಫೋಟವೂ ಅದರದೇ ಎಂದು ಗ್ರಿಗ್ಸ್ ತಿಳಿದಿದ್ದರು. ಸಿಡಿದ ಬಾಯಿ ಆರು ಮೈಲಿ ಆಚೆಗಿನ ನೊವರಪ್ಟ ಎಂದು ಗೊತ್ತಾದದ್ದು 1950ರ ದಶಕದಲ್ಲಿ. ಅಷ್ಟು ಹೊತ್ತಿಗೆ ಬಿಸಿ ಬೂದಿ ಆರಿ ಹೊಗೆಯೂ ಬಹುಮಟ್ಟಿಗೆ ನಿಂತಿತ್ತು.

ಇದರಲ್ಲಿ ಒಂದು ದೊಡ್ಡ ಪಾಠವಿದೆ. ಯಾವುದಕ್ಕಾಗಿ ಬೇಲಿ ಹಾಕಿದರೋ ಅದು ಹೋಯಿತು. ಬೇಲಿಯೊಳಗೆ ತಮ್ಮಷ್ಟಕ್ಕೆ ತಾವು ಇದ್ದ ಕರಡಿಗಳು ಉಳಿದವು. ಕಾಯುವವನಿಗೆ ತಾನು ಏನನ್ನು ಕಾಯುತ್ತಿದ್ದೇನೆಂದು ಪೂರ್ತಿ ತಿಳಿದಿರುವುದಿಲ್ಲ. ಆದ್ದರಿಂದ ಅವನು ಕೈ ಹಿಡಿತದಲ್ಲಿಟ್ಟುಕೊಂಡಿರಬೇಕು. ಮೊದಲ ಭಾಗವನ್ನು ಹೀಗೆ ಓದಿದರೆ ಅಗ್ನಿಪರ್ವತದ ಅಧ್ಯಾಯಗಳು ಪೀಠಿಕೆಯಾಗಿ ಉಳಿಯುವುದಿಲ್ಲ, ಪುಸ್ತಕದ ಬೆನ್ನೆಲುಬಾಗುತ್ತವೆ.

ನಡುವಿನ ಭಾಗ ಎಲ್ಲಕ್ಕಿಂತ ದೊಡ್ಡದು, ಅತ್ಯುತ್ತಮವಾದದ್ದೂ ಹೌದು. ಚಳಿಗಾಲದ ನಿದ್ದೆ, ಮರಿಗಳ ಪಾಲನೆ, ಗಂಡುಗಳ ದರ್ಜೆ, ಆರಡಿ ಎತ್ತರದ ಜಲಪಾತದ ಕೆಳಗೆ ಯಾವ ಜಾಗ ಯಾರದು ಎಂಬ ತಕರಾರು. ಒಂದೇ ದಿನ ಪುಟ್ಟ ನದಿಯಲ್ಲಿ 43 ಕರಡಿಗಳು ಕಂಡದ್ದುಂಟು. ನಮ್ಮ ಹಳ್ಳಿಗಳ ನೀರಿನ ಸರದಿಯ ಜಗಳ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಕರಡಿಗಳಿಗೆ ಸಂಖ್ಯೆಗಳಿವೆ, ಅಡ್ಡಹೆಸರುಗಳೂ ಇವೆ. 480 ಎಂಬ ಓಟಿಸ್ ಓಡಾಡುವುದಿಲ್ಲ, ಒಂದು ಮೂಲೆಯಲ್ಲಿ ಕೂತು ಮೀನು ತಾನಾಗಿ ಬರಲೆಂದು ಕಾಯುತ್ತದೆ. ಫಿಟ್ಜ್ ಪ್ರತಿಯೊಂದನ್ನೂ ವ್ಯಕ್ತಿಯಾಗಿ ಕಾಣುತ್ತಾರೆ, ಆದರೆ ಯಾವುದನ್ನೂ ತಮ್ಮ ಗೆಳೆಯನೆಂದು ಕರೆಯುವುದಿಲ್ಲ. ಆ 50 ಗಜ ಅವರ ಗದ್ಯದಲ್ಲೂ ಇದೆ. ಟ್ರೆಡ್‌ವೆಲ್‌ನ ಕಣ್ಣೀರಿಗಿಂತ, ಹರ್ಜೋಗ್‌ರ ತತ್ವಕ್ಕಿಂತ ಈ ದೂರದಿಂದ ನೋಡಿದಾಗ ಕರಡಿ ಹೆಚ್ಚು ಸ್ಪಷ್ಟವಾಗಿ ಕಂಡಿತು ಎಂಬುದೇ ನನ್ನ ಮುಖ್ಯ ಮಾತು.

ಕೊರತೆಗಳನ್ನೂ ಹೇಳಬೇಕು. ಗದ್ಯ ಅಲ್ಲಲ್ಲಿ ಪಾಠ ಹೇಳುವ ಧಾಟಿಗೆ ಇಳಿಯುತ್ತದೆ. ಬಂದವರಿಗೆ ದಿನಾ ವಿವರಿಸಿದ ನಾಲಿಗೆಯ ಅಭ್ಯಾಸ ಇರಬೇಕು. ಅದಕ್ಕಿಂತ ದೊಡ್ಡ ದೂರು, ಬರೆದವರೇ ಪುಸ್ತಕದಲ್ಲಿ ಸಾಲದು ಎಂಬುದು. ಮಳೆಯಲ್ಲಿ ಗಂಟೆಗಟ್ಟಲೆ ನಿಂತ ಬೇಸರ, ಕತ್ತಲಲ್ಲಿ ಕ್ಯಾಬಿನ್ನಿಗೆ ನಡೆದು ಹೋಗುವಾಗಿನ ಭಯ, ಸೀಸನ್ ಮುಗಿದ ಮೇಲೆ ಮುಂದೇನು ಎಂಬ ಚಿಂತೆ, ಇವು ನನಗೆ ಬೇಕಿದ್ದವು. ಕರಡಿಯಿಂದ ದೂರ ನಿಲ್ಲುವುದು ಸರಿ, ತನ್ನಿಂದಲೂ ಅಷ್ಟೇ ದೂರ ನಿಲ್ಲಬೇಕಾಗಿರಲಿಲ್ಲ.

ಹಾಗಾದರೆ ಟ್ರೆಡ್‌ವೆಲ್ ದಡ್ಡ, ರೇಂಜರ್ ಜಾಣ ಎಂದು ಮುಗಿಸಬಹುದೆ? ಬೇರಿಂಗ್ ಸಮುದ್ರದ ಆಚೆ ದಡದಲ್ಲಿರುವ ರಷ್ಯಾದ ಕಮ್ಚಟ್ಕಾ ಹಾಗೆ ಮುಗಿಸಲು ಬಿಡುವುದಿಲ್ಲ. ಅದೂ ಅಗ್ನಿಪರ್ವತಗಳ, ಕರಡಿಗಳ ನಾಡು. ಅಲ್ಲಿನ ಕ್ರೊನೊಟ್ಸ್ಕಿ ರಕ್ಷಿತಾರಣ್ಯದಲ್ಲಿ ದಶಕಗಳ ಕಾಲ ಕರಡಿಗಳನ್ನು ಗಮನಿಸಿ ದಾಖಲಿಸಿದ ವಿತಾಲಿ ನಿಕೊಲಾಯೆಂಕೊ ತೀರಾ ಅನುಭವಸ್ಥರು. ಟ್ರೆಡ್‌ವೆಲ್ ಸತ್ತ ಎರಡೇ ತಿಂಗಳಿಗೆ, 2003ರ ಡಿಸೆಂಬರ್‌ನಲ್ಲಿ, ಅವರೂ ಕರಡಿಗೆ ಬಲಿಯಾದರು. ಅನುಭವವೂ ಗಡಿಯನ್ನು ಮರೆಸಬಲ್ಲದು.

ಅದೇ ವರ್ಷದ ಇನ್ನೊಂದು ಘಟನೆ ನನ್ನನ್ನು ಹೆಚ್ಚು ಕಾಡಿದೆ. ಕೆನಡಾದ ಚಾರ್ಲಿ ರಸೆಲ್ ಮತ್ತು ಮೌರೀನ್ ಎನ್ಸ್ 1996ರಿಂದ ದಕ್ಷಿಣ ಕಮ್ಚಟ್ಕಾದ ಕಂಬಾಲ್ನೊಯೆ ಸರೋವರದ ಬಳಿ ಕರಡಿಗಳ ನೆರೆಯಲ್ಲಿ ಬಾಳಿದರು, ಅನಾಥ ಮರಿಗಳನ್ನು ಸಾಕಿ ಕಾಡಿಗೆ ಬಿಟ್ಟರು. ‘ಗ್ರಿಜ್ಲಿ ಹಾರ್ಟ್’ (2002) ಆ ಬದುಕಿನ ಸೊಗಸಾದ ಪುಸ್ತಕ. ಭಯ ಬಿಟ್ಟರೆ ಕರಡಿಯ ಜೊತೆ ಇರಬಹುದು ಎಂದು ಅದು ವಾದಿಸುತ್ತದೆ. 2003ರಲ್ಲಿ ಹಿಂತಿರುಗಿ ನೋಡಿದರೆ ಅವರ ಪರಿಚಯದ ಕರಡಿಗಳು ಇರಲಿಲ್ಲ. ಅವರ ಮನೆಯ ಗೋಡೆಗೆ ಕರಡಿಯ ಪಿತ್ತಕೋಶವನ್ನು ಮೊಳೆ ಹೊಡೆದು ನೇತುಹಾಕಿದ್ದರು. ರಸೆಲ್‌ಗೆ ಕರಡಿಗಳಿಂದ ಏನೂ ಆಗಲಿಲ್ಲ. ಒಬ್ಬ ಒಳ್ಳೆಯ ಮನುಷ್ಯನನ್ನು ನಂಬಿದ ಪ್ರಾಣಿ ಮುಂದೆ ಬಂದೂಕು ಹಿಡಿದು ಬಂದವನನ್ನು ಬೇರೆ ಎಂದು ತಿಳಿಯುವುದು ಹೇಗೆ? ಇದನ್ನು ತಿಳಿದು ಆ ಪುಸ್ತಕ ಓದಿದರೆ ಅದರ ಒಂದೊಂದು ಸಂತೋಷವೂ ಚುಚ್ಚುತ್ತದೆ. 50 ಗಜದ ನಿಯಮ ನಮ್ಮ ಕ್ಷೇಮಕ್ಕೆಂದೇ ತಿಳಿದಿದ್ದೇವೆ. ಅದು ಕರಡಿಯ ಕ್ಷೇಮಕ್ಕೂ ಹೌದು.

ಈಗ ನಾವೆಲ್ಲ ಬ್ರೂಕ್ಸ್ ಜಲಪಾತವನ್ನು ನಮ್ಮ ಅಡುಗೆಮನೆಯಿಂದಲೇ ನೋಡಬಹುದು. 2012ರಿಂದ ಅಲ್ಲಿ ನೇರಪ್ರಸಾರದ ಕ್ಯಾಮೆರಾಗಳಿವೆ. 2014ರಲ್ಲಿ ಫಿಟ್ಜ್ ಹುಟ್ಟುಹಾಕಿದ ‘ದಢೂತಿ ಕರಡಿ’ ಚುನಾವಣೆಗೆ 2023ರಲ್ಲಿ ಹತ್ತು ಲಕ್ಷಕ್ಕೂ ಮೀರಿ ಮತ ಬಿತ್ತು. ಅದರ ಹಿಂದಿನ ವರ್ಷ ಕಳ್ಳಮತವೂ ಬಿದ್ದು ನಮ್ಮಂಥವರ ಕೈಗೆ ಕೆಲಸ ಬಂತು! ಇದು ಟ್ರೆಡ್‌ವೆಲ್‌ನ ಮುದ್ದೇ ಇನ್ನೊಂದು ವೇಷದಲ್ಲಿ ಬಂದದ್ದಲ್ಲವೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. 2014ರಲ್ಲಿ 402 ಎಂಬ ತಾಯಿ ಬಿಟ್ಟುಹೋದ ಮರಿಯನ್ನು ಹಾಲಿ ಎಂಬ ಇನ್ನೊಂದು ತಾಯಿ ಸೇರಿಸಿಕೊಂಡಾಗ ನೋಡುಗರು ಒಬ್ಬಳನ್ನು ಕೆಟ್ಟವಳೆಂದೂ ಇನ್ನೊಬ್ಬಳನ್ನು ದೇವತೆಯೆಂದೂ ಮಾಡುವುದು ಸುಲಭವಿತ್ತು. ಹತ್ತು ವರ್ಷದ ಮೇಲೆ, 2024ರ ಸೆಪ್ಟೆಂಬರ್ 30ರಂದು, ಅದೇ 402ನ್ನು 469 ಎಂಬ ಗಂಡು ನದಿಯಲ್ಲಿ ಕ್ಯಾಮೆರಾದ ಎದುರೇ ಕೊಂದಿತು. ಅದರ ಕಾರಣ ತನಗೆ ಗೊತ್ತಿಲ್ಲ ಎಂಬ ಅರ್ಥದಲ್ಲೇ ಫಿಟ್ಜ್ ಮಾತಾಡಿದರು. ನೀತಿ ಹೇಳಲಿಲ್ಲ, ನಿರ್ಲಕ್ಷ್ಯದ ತತ್ವವನ್ನೂ ಹೇಳಲಿಲ್ಲ. ಪುಸ್ತಕದ ದನಿ ಅಲ್ಲಿಯೂ ಕೇಳಿಸಿತು.

2025ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಸುಮಾರು 1,000 ನೌಕರರನ್ನು ಒಮ್ಮೆಲೇ ತೆಗೆದುಹಾಕಿದರು. ಮುಂದಿನ ತಿಂಗಳು ಕೋರ್ಟು ನಡುವೆ ಬಂದು ವಾಪಸ್ ತೆಗೆದುಕೊಳ್ಳಿ ಎನ್ನಬೇಕಾಯಿತು. ಏನೂ ಆಗದಂತೆ ನೋಡಿಕೊಳ್ಳುವವನ ಕೆಲಸ ಲೆಕ್ಕದ ಪುಸ್ತಕದಲ್ಲಿ ದಂಡದ ಖರ್ಚಿನಂತೆ ಕಾಣುತ್ತದೆ. ಆ ಕೆಲಸಕ್ಕೆ ಕಥೆಗಾರರಿಲ್ಲದಿರುವುದೂ ಇದಕ್ಕೊಂದು ಕಾರಣ ಎಂದು ನಾನು ನಂಬುತ್ತೇನೆ. ಸತ್ತ ರಕ್ಷಕನ ಕಥೆಯನ್ನೇ ನಾವು ಮತ್ತೆಮತ್ತೆ ಕೇಳಿದರೆ ಬದುಕಿರುವ ಕಾವಲುಗಾರನನ್ನು ಕಳೆದುಕೊಂಡದ್ದು ನಮ್ಮ ಗಮನಕ್ಕೇ ಬರುವುದಿಲ್ಲ.

‘ಗ್ರಿಜ್ಲಿ ಮ್ಯಾನ್’ ನೋಡಿದವರು ಫಿಟ್ಜ್ ಅವರ ಪುಸ್ತಕವನ್ನು ಲೈಬ್ರರಿಯಿಂದ ತರಿಸಿ ಓದಿ. ಸಾವಧಾನ ಬೇಡುವ ಪುಸ್ತಕ. ಓಟಿಸ್ ಮೀನಿಗೆ ಕಾದ ಹಾಗೆ ಕಾಯಬೇಕು. ನನ್ನ ವಾದ ಒಪ್ಪದವರು, ಮುಖ್ಯವಾಗಿ ಹರ್ಜೋಗ್ ಅಭಿಮಾನಿಗಳು, ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ.