ಗಣಿದಿಬ್ಬಕ್ಕೆ ಗಿಡ ಸಾಲದು, ಮಣ್ಣು ಬೇಕು

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ಆದರೂ ಕರ್ನಾಟಕಕ್ಕೆ ಸೇರಿದ ಕಲ್ಲಿದ್ದಲು ಗಣಿ ಒಂದಿದೆ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್‌ನಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟ್ ದೇಶದ ಕಲ್ಲಿದ್ದಲು ಹಂಚಿಕೆಗಳನ್ನು ರದ್ದು ಮಾಡಿದಾಗ ಕೈತಪ್ಪಿದ ಈ ಗಣಿ, 2015ರಲ್ಲಿ ಮತ್ತೆ ನಮ್ಮ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿಎಲ್) ಪಾಲಿಗೇ ಬಂತು. ಅಲ್ಲಿ ಅಗೆದದ್ದು ಬಳ್ಳಾರಿಯ ಕುಡತಿನಿ ಸ್ಥಾವರದಲ್ಲಿ ಉರಿದು ಕರೆಂಟಾಗುತ್ತದೆ. ನಮ್ಮ ಹಾಸನದ ಸಾಲಗಾಮೆ ಹೋಬಳಿಯ ಹೊಲದ ಪಂಪ್‌ಸೆಟ್ಟೂ ಅದೇ ಗ್ರಿಡ್ಡಿಗೆ ಸೇರಿದ್ದು. ಹಾಗಾಗಿ ಬರಾಂಜ್‌ನ ನೆಲ ಮುಂದೆ ಏನಾಗುತ್ತದೆ ಎಂದು ಕೇಳುವ ಹಕ್ಕು ಹಾಸನದವರಿಗೂ ಇದೆ, ಹೊಣೆಯೂ ಇದೆ.

ತೆರೆದ ಗಣಿಯಲ್ಲಿ ಕಲ್ಲಿದ್ದಲಿಗೂ ಮೊದಲು ಹೊರಬೀಳುವುದು ಅದರ ಮೇಲಿನ ಮರಳುಗಲ್ಲು, ಜೇಡಿಗಲ್ಲು. ಅದನ್ನೆಲ್ಲ ಪಕ್ಕದಲ್ಲಿ ಸುರಿದರೆ ಗುಡ್ಡವಾಗುತ್ತದೆ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು, ಕೊನೆಗೆ ಆ ಗುಡ್ಡದ ಮೇಲೆ ಹರಡಬೇಕೆಂದು ನಿಯಮವಿದೆ. 2009ರಿಂದ ಪ್ರತಿ ಕಲ್ಲಿದ್ದಲು ಗಣಿಗೂ ಮುಚ್ಚುವ ಯೋಜನೆ ಇರಲೇಬೇಕು, ಅದಕ್ಕೆಂದು ಎಸ್ಕ್ರೋ ಎಂಬ ಮೀಸಲು ಖಾತೆಯಲ್ಲಿ ಹಣ ಕಟ್ಟಲೇಬೇಕು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು, ನಾನು ಇದನ್ನು ಹಗುರವಾಗಿ ಕಾಣುವುದಿಲ್ಲ. ಪದ್ಧತಿ ಎಡವುವುದು ಅಳತೆಯಲ್ಲಿ. ವರದಿಗಳಲ್ಲಿ ಎದ್ದು ಕಾಣುವುದು ನೆಟ್ಟ ಸಸಿಗಳ ಸಂಖ್ಯೆ, ಹಸಿರಾದ ಹೆಕ್ಟೇರು. ಮಣ್ಣಾಯಿತೇ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ.

ಮೇಲ್ಮಣ್ಣನ್ನು ವರ್ಷಗಟ್ಟಲೆ ರಾಶಿ ಹಾಕಿಟ್ಟರೆ ಒಳಗೆ ಗಾಳಿಯಾಡದೆ ಎರೆಹುಳು, ಶಿಲೀಂಧ್ರ, ಸೂಕ್ಷ್ಮಜೀವಿಗಳು ಸಾಯುತ್ತವೆ. ಆಮೇಲೆ ಹರಡಿದರೆ ಹರಡಿದ್ದು ಬರೀ ಪುಡಿ. ಅಂಥ ಕಡೆ ಬೇಗ ಏಳುವ ಗಿಡ ಅಕೇಶಿಯಾ. ಎರಡು ಮಳೆಗಾಲ ಕಳೆದರೆ ದೂರದಿಂದ ಕಾಡಿನಂತೆಯೇ ಕಾಣುತ್ತದೆ. ನಮ್ಮ ಮಲೆನಾಡಿನ ನೆಡುತೋಪುಗಳಲ್ಲಿ ಅದರ ಬುಡದ ತರಗನ್ನು ಕೈಯಿಂದ ಸರಿಸಿ ನೋಡಿದವರಿಗೆ ಗೊತ್ತು: ದಪ್ಪ ಎಲೆ ಬೇಗ ಕೊಳೆಯುವುದಿಲ್ಲ, ಕೆಳಗೆ ಹುಲ್ಲು ಏಳುವುದಿಲ್ಲ, ದನ ಬಾಯಿ ಹಾಕುವುದಿಲ್ಲ. ಗಣಿಗೆ ಹೋದ ನೆಲದಲ್ಲಿ ಗೋಮಾಳವೂ ಇತ್ತಲ್ಲ! ದನದ ಪಾಲು ದನಕ್ಕೆ ಮರಳದಿದ್ದರೆ ಅದನ್ನು ಪುನಶ್ಚೇತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಗಣಿ ಮುಗಿಸಿದವರು ಅಲ್ಲಿ ಮೇವು ಬೆಳೆಯುವ ಹಾಗೆ ಹುಲ್ಲು ಎಬ್ಬಿಸಿಕೊಡಬೇಕು. ಸಸಿ ಎಣಿಸುವ ಎಲ್ಲ ಸುತ್ತೋಲೆಗಳಿಗಿಂತ ಆ ಒಂದು ಆದೇಶ ನೆಲಕ್ಕೆ ಹತ್ತಿರವಾಗಿದೆ.

ಸರಿಯಾದ ಕ್ರಮ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2011ರಲ್ಲಿ ಬಳ್ಳಾರಿಯ ಕಬ್ಬಿಣದ ಗಣಿಗಳನ್ನು ನಿಲ್ಲಿಸಿದ ಮೇಲೆ, ಒಂದೊಂದು ಗುತ್ತಿಗೆಗೂ ಪ್ರತ್ಯೇಕ ಪುನಶ್ಚೇತನ ಯೋಜನೆ ಮಾಡಿಸಲಾಯಿತು. ಮೊದಲು ದಿಬ್ಬದ ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಕೊರಕಲಿಗೆ ಕಲ್ಲಿನ ತಡೆ, ಇಳಿಜಾರಿಗೆ ಮೆಟ್ಟಿಲು. ಗಿಡ ಬರುವುದು ಇವೆಲ್ಲ ಆದ ಮೇಲೆ. ಅಲ್ಲಿನ ಜಾರಿಯಲ್ಲಿ ಆದ ತಡ ದೊಡ್ಡದು, ಪರಿಸರ ಮರುಸ್ಥಾಪನೆಗೆಂದೇ 2014ರಲ್ಲಿ ನಿಗಮ ಹುಟ್ಟಿದರೂ ಹಣ ಬಹುಕಾಲ ಖಾತೆಯಲ್ಲೇ ಕೂತಿತು. ಆದರೆ ಮೊದಲು ನೀರನ್ನು ಹಿಡಿ, ಆಮೇಲೆ ಬೇರನ್ನು ಇಳಿಸು ಎಂಬ ಆ ಕ್ರಮದಲ್ಲಿ ತಪ್ಪಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸುತ್ತಿನ ಭೈರಾಪುರ, ತಗಡೂರು, ಜಂಬೂರು ಕ್ರೋಮೈಟ್ ಗಣಿಗಳ ಊರುಗಳು. ಇಲ್ಲಿಯ ಬಂಡೆ ಹುಟ್ಟಿನಿಂದಲೇ ಮೆಗ್ನೀಸಿಯಂ ಹೆಚ್ಚಿರುವ, ಸುಣ್ಣ ಕಡಿಮೆಯಿರುವ ಬಂಡೆ. ಸಾರಜನಕ, ರಂಜಕವೂ ಅಷ್ಟಕ್ಕಷ್ಟೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗಣಿಗಳ ಸುತ್ತಲ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್ ಹೆಚ್ಚಿರುವುದನ್ನು ತೋರಿಸಿತು. ಬರಾಂಜ್‌ಗೆ ಸಲ್ಲುವ ಮದ್ದು ಇಲ್ಲಿಗೆ ಸಲ್ಲದು. ಅಲ್ಲಿ ಮೇವಿನ ಹುಲ್ಲು ಬೇಕೆಂದ ನಾನೇ ಇಲ್ಲಿ ಬೇಡವೆನ್ನುತ್ತೇನೆ, ಏಕೆಂದರೆ ಹುಲ್ಲಿಗೆ ಏರಿದ ಲೋಹ ಹಾಲಿಗೂ ಬರಬಹುದು.

ಇಲ್ಲಿಗೆ ಹೊಂದುವುದು ಹೊಂಗೆ. ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತದೆ, ಬರ ತಡೆಯುತ್ತದೆ, ದನ ಅದರ ಸೊಪ್ಪಿಗೆ ಅಷ್ಟಾಗಿ ಹೋಗುವುದಿಲ್ಲ. ಹಾಸನ ತಾಲ್ಲೂಕಿನ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೇ ಇದೆ, ಬೀಜದ ಎಣ್ಣೆಗೂ ದಾರಿಯುಂಟು. ಗುಂಡಿಗೆ ಕೆರೆಗೋಡು, ಕೊಟ್ಟಿಗೆ ಗೊಬ್ಬರ, ಚನ್ನರಾಯಪಟ್ಟಣದ ಶ್ರೀನಿವಾಸಪುರದಲ್ಲಿರುವಂಥ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿ ಉಳಿದ ಮಡ್ಡಿ) ಹಾಕಬಹುದು. ಇವು ಬರೀ ಗೊಬ್ಬರವಲ್ಲ: ನೀರಿನಲ್ಲಿ ಹರಿದು ಹೋಗುವ ವಿಷದ ಕ್ರೋಮಿಯಂ, ಕೊಳೆತ ಪದಾರ್ಥದ ಜೊತೆ ಸೇರಿದಾಗ ಕಡಿಮೆ ಅಪಾಯದ, ಅಷ್ಟು ಚಲಿಸದ ರೂಪಕ್ಕೆ ತಿರುಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ನಮ್ಮ ಕಡೆ ಹೊಂಗೆ ಸೊಪ್ಪನ್ನು ಕಡಿದು ಗದ್ದೆಗೆ ತುಳಿಯುವ ರೂಢಿಯಿದೆ. ಗಣಿದಿಬ್ಬದ ಸೊಪ್ಪನ್ನು ಪರೀಕ್ಷೆ ಮಾಡಿಸದೆ ಗದ್ದೆಗೆ ಹಾಕಬಾರದು. ಕೆಳಗಿನ ಊರುಗಳ ಬಾವಿ, ಬೋರ್‌ವೆಲ್ ನೀರಿನ ಕ್ರೋಮಿಯಂ ಪ್ರಮಾಣವನ್ನು ಮುಂಗಾರಿಗೆ ಮೊದಲೊಮ್ಮೆ, ಆಮೇಲೊಮ್ಮೆ ಅಳೆದು ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಿಸಬೇಕು. ಸಸಿಗಳ ಸಂಖ್ಯೆ ಅದರ ಕೆಳಗೆ ಬರಲಿ.